ಯಾವ ದೀಪದಲ್ಲಿ ಕಂಡದ್ದು?

ಕನ್ನಡ ವಿಮರ್ಶೆಯಲ್ಲಿ ಎರಡು ಮಾತುಗಳು ಬಹಳ ಬಳಕೆಯಲ್ಲಿವೆ. ಒಂದು ‘ಹೊಳಹು’, ಇನ್ನೊಂದು ‘ಬೆಳಕು ಚೆಲ್ಲುತ್ತದೆ’. ಕವಿತೆ ಹೊಸ ಹೊಳಹು ನೀಡುತ್ತದೆ ಎಂದು ಬರೆದರೆ ಪ್ಯಾರಾ ಮುಗಿಯುತ್ತದೆ. ಕಾದಂಬರಿ ಅಂದಿನ ಸಮಾಜದ ಮೇಲೆ ಬೆಳಕು ಚೆಲ್ಲುತ್ತದೆ ಎಂದು ಬರೆದರೆ ಅಧ್ಯಾಯವೇ ಮುಗಿಯುತ್ತದೆ. ಸಂಶೋಧನಾ ವಿದ್ಯಾರ್ಥಿಯಾಗಿ ಈ ಕೆಲವು ವರ್ಷಗಳಲ್ಲಿ ನಾನು ಓದಿದ ಮಹಾಪ್ರಬಂಧಗಳಲ್ಲಿ ಈ ಎರಡೂ ಮಾತಿಲ್ಲದ್ದು ಕಡಿಮೆ. ಚೆಲ್ಲಿದ್ದು ಯಾವ ಬೆಳಕು, ದೀಪ ಯಾರ ಕೈಯಲ್ಲಿತ್ತು, ಹೊಳೆದದ್ದು ಪಠ್ಯವೋ ಅದರ ಮೇಲೆ ಕೂತ ಧೂಳೋ ಎಂದು ಕೇಳಿದ್ದು ಇನ್ನೂ ಕಡಿಮೆ.

ಈ ಪ್ರಶ್ನೆಗಳನ್ನು ಕೇಳದೆ ಒಂದು ಹೆಜ್ಜೆಯೂ ಮುಂದಿಡಲಾಗದ ಕೆಲಸವೊಂದು ಸಾಹಿತ್ಯದ ಹೊರಗಿದೆ. ಅದು ನೇರಳಾತೀತ ಬೆಳಕಿನಲ್ಲಿ ಬೆಳಗುವ ಖನಿಜಗಳನ್ನು ಸರಿಯಾಗಿ ಗುರುತಿಸುವ ಕೆಲಸ. ಕಲ್ಲು ಕೂಡಿಹಾಕುವವರಿಗೆ ಇದು ಹವ್ಯಾಸ, ಗಣಿಯವರಿಗೆ ದುಡಿಮೆ, ಭೌತವಿಜ್ಞಾನಿಗೆ ಸಂಶೋಧನೆ. ಮೂವರೂ ಮೊದಲು ಕಲಿಯುವ ಪಾಠ ಒಂದೇ: ಕಲ್ಲು ಬೆಳಗಿತು ಎಂಬುದರಿಂದ ಅದರ ಹೆಸರು ತಿಳಿಯುವುದಿಲ್ಲ. ನಮ್ಮ ವಿಮರ್ಶೆಯೂ ಈ ಪಾಠ ಕಲಿಯಬೇಕಾಗಿದೆ ಎಂಬುದು ನನ್ನ ವಾದ.

ನಮ್ಮೂರು ತೊಂಡೇಬಾವಿ, ಗೌರಿಬಿದನೂರು ತಾಲ್ಲೂಕು. ದೊಡ್ಡಬಳ್ಳಾಪುರ ದಾಟಿ, ಮಾಕಳಿದುರ್ಗದ ಬೆಟ್ಟ ಕಳೆದ ಮೇಲೆ ರೈಲು ನಿಲ್ಲುವ ಊರು. ಹೊರಗಿನವರಿಗೆ ಸಿಮೆಂಟು ಕಾರ್ಖಾನೆಯಿಂದ ಗೊತ್ತಿರುತ್ತದೆ. ಸುತ್ತಲಿನದೆಲ್ಲ ಗ್ರಾನೈಟು ಮತ್ತು ನೈಸ್ ಶಿಲೆ. ಹಗಲು ಹೊತ್ತು ಇಲ್ಲಿನ ನೆಲ ಬೇಕಾದಷ್ಟು ಹೊಳೆಯುತ್ತದೆ. ಬೆಣಚುಕಲ್ಲು ಮಿನುಗುತ್ತದೆ, ಕಾಗೆಬಂಗಾರ ಮಿರುಗುತ್ತದೆ, ಹೊಸದಾಗಿ ಒಡೆದ ಜಲ್ಲಿ ಥಳಥಳಿಸುತ್ತದೆ. ನನ್ನ ಅಕ್ಕನ ಮಗ ನೋಟು ಪರೀಕ್ಷಿಸುವ ನೇರಳೆ ಟಾರ್ಚೊಂದನ್ನು ಸಂಪಾದಿಸಿದ ಮೇಲೆ ರಾತ್ರಿ ಹೊತ್ತು ಇದೇ ಕಲ್ಲುಗಳನ್ನು ನೋಡುವ ಅವಕಾಶ ನನಗೆ ಸಿಕ್ಕಿತು.

ಹಗಲು ಹೊಳೆದವುಗಳಲ್ಲಿ ಬಹುಪಾಲು ರಾತ್ರಿ ಸುಮ್ಮನಿದ್ದವು. ಬೆಣಚುಕಲ್ಲು ಕಪ್ಪಗೇ ಉಳಿಯಿತು, ಕಾಗೆಬಂಗಾರವೂ ಅಷ್ಟೆ. ಹಗಲು ಯಾರೂ ತಿರುಗಿ ನೋಡದ, ಪಾಯ ತೋಡುವಾಗ ಸಿಗುವ ಬೂದುಬಣ್ಣದ ಸುಣ್ಣದ ಗಂಟು ಮಂಕಾದ ಕೆನೆಬಣ್ಣದಲ್ಲಿ ಬೆಳಗಿತು. ಬಂಡೆಗೆ ಅಂಟಿದ ಕಲ್ಲುಹೂವಿನ ಒಂದು ತೇಪೆ ಕಿತ್ತಳೆಯಾಗಿ ಕಂಡಿತು. ಒಂದು ಕಲ್ಲು ಮಾತ್ರ ಕಣ್ಣು ಕೋರೈಸುವಷ್ಟು ನೀಲಿಬಿಳುಪಾಗಿ ಹೊಳೆದು ಹುಡುಗರೆಲ್ಲ ಕೂಗಾಡಿದರು. ಅದನ್ನು ಬಟ್ಟೆ ಸೋಪಿನಪುಡಿ ಹಾಕಿ ತೊಳೆದಿದ್ದರು. ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿನಪುಡಿಗೆ ಬೆರೆಸುವ ರಾಸಾಯನಿಕ ನೇರಳಾತೀತ ಬೆಳಕಿನಲ್ಲಿ ಬೆಳಗುತ್ತದೆ. ಹುಡುಗರ ಅಂಗಿಯ ಕಾಲರುಗಳೂ ಅದೇ ಬಣ್ಣದಲ್ಲಿ ಬೆಳಗುತ್ತಿದ್ದವು. ಆ ರಾತ್ರಿ ಎಲ್ಲಕ್ಕಿಂತ ಚೆನ್ನಾಗಿ, ಹಸಿರುನೀಲಿಯಾಗಿ ಕಂಡದ್ದು ಬಂಡೆಯ ಸಂದಿಯಲ್ಲಿದ್ದ ಒಂದು ಚೇಳು.

“ಚಿಕ್ಕಮ್ಮಾ, ಚೇಳಲ್ಲೂ ಕಲ್ಲಲ್ಲಿರೋದೇ ಇರುತ್ತಾ?” ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆ. ಚೇಳಿನ ಹೊರಪೊರೆಯಲ್ಲಿರುವ ಸಾವಯವ ರಾಸಾಯನಿಕಗಳಿಂದ ಅದಕ್ಕೆ ಆ ಬಣ್ಣ. ಗ್ರಾನೈಟಿನ ಬಿರುಕುಗಳಲ್ಲಿ ಕೆಲವೊಮ್ಮೆ ಗಾಜಿನ ಪದರದಂತೆ ಕೂರುವ ಹಯಲೈಟ್ ಎಂಬ ಓಪಲ್ ಜಾತಿಯ ಖನಿಜ ಕಡುಹಸಿರಾಗಿ ಬೆಳಗುವುದು ಅದರಲ್ಲಿ ಸೇರಿಕೊಂಡ ತೃಣಮಾತ್ರ ಯುರೇನಿಯಂನಿಂದ. ಸತುವಿನ ಖನಿಜವಾದ ವಿಲೆಮೈಟ್ ಹಸಿರಾಗುವುದು ಮ್ಯಾಂಗನೀಸಿನಿಂದ. ಮೂರೂ ಹಸಿರೇ, ಕಾರಣ ಮಾತ್ರ ಮೂರು ಬೇರೆ. ಬಣ್ಣ ನೋಡಿ ಹೆಸರು ಹೇಳುವವನು ಚೇಳನ್ನೂ ಓಪಲ್ಲನ್ನೂ ಒಂದೇ ಡಬ್ಬಿಗೆ ಹಾಕುತ್ತಾನೆ. ನಮ್ಮಲ್ಲಿ ‘ದಟ್ಟ ಜೀವನಾನುಭವ’ ಎಂಬ ಒಂದೇ ಚೀಟಿ ಅಂಟಿಸಿಕೊಂಡು ಕೂತಿರುವ ಪುಸ್ತಕಗಳ ಸಾಲು ನೋಡಿದಾಗ ನನಗೆ ಆ ಡಬ್ಬಿಯ ನೆನಪಾಗುತ್ತದೆ.

ಗುರುತಿಸುವ ಕೆಲಸ ಕ್ರಿಯಾಪದದಿಂದಲೇ ಶುರುವಾಗಬೇಕು. ಕನ್ನಡದಲ್ಲಿ ಬೆಳಕಿನ ಕ್ರಿಯಾಪದಗಳಿಗೆ ಬಡತನವಿಲ್ಲ. ಹೊಳೆ, ಮಿನುಗು, ಮಿಂಚು, ಮಿರುಗು, ಬೆಳಗು, ಉರಿ, ಜ್ವಲಿಸು ಎಲ್ಲವೂ ಇವೆ. ಆದರೆ ಪತ್ರಿಕೆಯ ಸುದ್ದಿಯಲ್ಲಾಗಲಿ ಶಾಲೆಯ ಪಾಠದಲ್ಲಾಗಲಿ ಎಲ್ಲಕ್ಕೂ ‘ಹೊಳೆಯುವ ಕಲ್ಲು’ ಎಂಬ ಒಂದೇ ಮಾತು. ಮೇಲೆ ಬಿದ್ದ ಬೆಳಕನ್ನು ಹಾಗೇ ಹಿಂದಿರುಗಿಸುವುದು ಹೊಳೆಯುವುದು. ಕಾಗೆಬಂಗಾರದ್ದು ಅದು. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ, ಅದನ್ನು ಕಾಣುವ ಬಣ್ಣವಾಗಿ ಮಾರ್ಪಡಿಸಿ ಹೊರಬಿಡುವುದು ಬೇರೆ. ಅದಕ್ಕೆ ನಮ್ಮ ವಿಜ್ಞಾನ ಬರಹಗಾರರು ‘ಪ್ರತಿದೀಪ್ತಿ’ ಎಂಬ ಪದವನ್ನು ಬಳಕೆಗೆ ತಂದಿದ್ದಾರೆ. ದೀಪ ಆರಿದ ಕೂಡಲೆ ಇದು ನಿಲ್ಲುತ್ತದೆ. ದೀಪ ಆರಿದ ಮೇಲೂ ಕೆಲವು ಕ್ಷಣವೋ ಕೆಲವು ಗಂಟೆಯೋ ಉಳಿಯುವ ಬೆಳಕು ಮೂರನೆಯದು, ಅದು ಅನುದೀಪ್ತಿ. ಗಡಿಯಾರದ ಮುಳ್ಳಿನಲ್ಲಿ, ಮಕ್ಕಳ ಕೋಣೆಯ ಚಾವಣಿಗೆ ಅಂಟಿಸುವ ನಕ್ಷತ್ರಗಳಲ್ಲಿ ಇರುವುದು ಇದು. ಕೃತಿಯೊಂದು ತನ್ನ ಕಾಲವನ್ನು ‘ಪ್ರತಿಫಲಿಸುತ್ತದೆ’ ಎಂದು ಬರೆಯುವಾಗಲೂ ಇಂಥ ಭೇದ ಬೇಕು. ಕಾಲವನ್ನು ಹಾಗೇ ಹಿಂದಿರುಗಿಸುವ ಕೃತಿಗಳಿವೆ. ಅದನ್ನು ಹೀರಿ ಬೇರೆ ಬಣ್ಣವಾಗಿ ಕೊಡುವ ಕೃತಿಗಳಿವೆ. ಕಾಲ ಮುಗಿದ ಮೇಲೂ ಸ್ವಲ್ಪ ಹೊತ್ತು ಬೆಳಗುವ ಕೃತಿಗಳೂ ಇವೆ. ಎಲ್ಲವನ್ನೂ ಪ್ರತಿಫಲನ ಎಂದರೆ ಮೂರರಲ್ಲಿ ಎರಡರ ಗುರುತು ತಪ್ಪುತ್ತದೆ.

ಇಂಗ್ಲಿಷಿನಲ್ಲಿ ಈ ವಿದ್ಯಮಾನಕ್ಕೆ ಹೆಸರು ಬಂದದ್ದು ಫ್ಲೋರೈಟ್ ಎಂಬ ಖನಿಜದಿಂದ. 1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, ಓಪಲ್ಲಿನಿಂದ ಓಪಲೆಸೆನ್ಸ್ ಹುಟ್ಟಿದಂತೆ ಇದಕ್ಕೆ ಫ್ಲೋರೆಸೆನ್ಸ್ ಎಂದು ಕರೆದ. ತಮಾಷೆಯೆಂದರೆ, ಹೆಸರು ಕೊಟ್ಟ ಆ ಖನಿಜದ ಎಲ್ಲ ತುಂಡುಗಳೂ ಬೆಳಗುವುದಿಲ್ಲ. ಬೆಳಗುವ ಫ್ಲೋರೈಟಿನ ನೀಲಿಗೆ ಸಾಮಾನ್ಯವಾಗಿ ಕಾರಣ ಯುರೋಪಿಯಂ ಎಂಬ ಬೇರೊಂದು ಧಾತು, ಅದೂ ಅತ್ಯಲ್ಪ ಪ್ರಮಾಣದಲ್ಲಿ. ಒಂದು ಗುಣಕ್ಕೆ ಹೆಸರು ಕೊಟ್ಟ ವಸ್ತುವಿನಲ್ಲೇ ಆ ಗುಣ ಖಾತ್ರಿಯಿಲ್ಲ. ಒಂದು ಚಳವಳಿಗೆ ಹೆಸರು ಕೊಟ್ಟ ಪುಸ್ತಕದಲ್ಲಿ ಆ ಚಳವಳಿಯ ಲಕ್ಷಣಗಳೆಲ್ಲ ಸಿಗಲೇಬೇಕೆಂದು ಹಟ ಹಿಡಿದು ಹುಡುಕುವವರು ಇದನ್ನು ನೆನಪಿನಲ್ಲಿಡಬಹುದು.

ಬೆಳಗುವ ಖನಿಜಗಳಲ್ಲಿ ಹೆಚ್ಚಿನವು ಬೆಳಗುವುದು ತಮ್ಮ ಮೂಲದ್ರವ್ಯದಿಂದಲ್ಲ, ಅದರೊಳಗೆ ಸೇರಿಕೊಂಡ ಬೆರಕೆಯಿಂದ. ಶುದ್ಧ ಕ್ಯಾಲ್ಸೈಟ್ ಮಂಕು. ಅದರಲ್ಲಿ ಸ್ವಲ್ಪ ಮ್ಯಾಂಗನೀಸ್ ಸೇರಿದರೆ ಕೆಂಪು ಕಿತ್ತಳೆಯಾಗುತ್ತದೆ. ಅದಕ್ಕೂ ಮ್ಯಾಂಗನೀಸ್ ಒಂದೇ ಸಾಲದು, ಸೀಸದಂಥ ಇನ್ನೊಂದು ಲೋಹ ಬೆಳಕನ್ನು ಹೀರಿ ಅದಕ್ಕೆ ದಾಟಿಸಬೇಕು. ಅದೇ ಮ್ಯಾಂಗನೀಸ್ ವಿಲೆಮೈಟಿನಲ್ಲಿ ಹಸಿರು. ಅಮೆರಿಕದ ನ್ಯೂಜೆರ್ಸಿಯ ಫ್ರಾಂಕ್ಲಿನ್ ಗಣಿಯ ಕಲ್ಲುಗಳಲ್ಲಿ ಇವೆರಡೂ ಅಕ್ಕಪಕ್ಕ ಇರುತ್ತವೆ. ದೀಪ ಹಾಕಿದರೆ ಒಂದೇ ಕಲ್ಲಿನಲ್ಲಿ ಕೆಂಪೂ ಹಸಿರೂ ಕಾಣುತ್ತವೆ, ಎರಡಕ್ಕೂ ಕಾರಣ ಒಂದೇ ಲೋಹ. ಅದು ಹೋಗಿ ಕೂತ ಮನೆ ಬೇರೆ, ಅಷ್ಟೆ.

ನಮ್ಮ ಭಾಷೆಯಲ್ಲಿ ‘ಬೆರಕೆ’ ಬೈಗುಳದ ಮಾತು. ಗೌರಿಬಿದನೂರು ಸೀಮೆಯ ಆಡುಮಾತು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದುವೂ ಸೇರಿದ್ದು. ಈ ಕಡೆಯ ಕಥೆಗಾರರ ಭಾಷೆಯನ್ನು ಹೊಗಳುವಾಗಲೂ ಕೆಲವರು ‘ತೆಲುಗಿನ ಪ್ರಭಾವವಿದ್ದರೂ’ ಎಂದು ಶುರುಮಾಡುತ್ತಾರೆ. ಆ ‘ಇದ್ದರೂ’ ನನಗೆ ಒಪ್ಪಿಗೆಯಿಲ್ಲ. ಬೆಳಕು ಬಂದದ್ದು ಅಲ್ಲಿಂದಲೇ ಇರಬಹುದಲ್ಲ? ಆದರೆ ಇದಕ್ಕೆ ವಿರುದ್ಧವಾದ ಘೋಷಣೆಯೂ ಅಷ್ಟೇ ಸೋಮಾರಿ. ಬೆರಕೆಯೆಲ್ಲ ಬೆಳಕು ಕೊಡುವುದಿಲ್ಲ. ಕುರಂದದ ಕಲ್ಲಿಗೆ ಕ್ರೋಮಿಯಂ ಸೇರಿದರೆ ಅದು ಮಾಣಿಕ್ಯವಾಗಿ, ನೇರಳಾತೀತ ಬೆಳಕಿನಲ್ಲಿ ಕೆಂಡದಂತೆ ಬೆಳಗುತ್ತದೆ. ಅದರ ಜತೆಗೆ ಕಬ್ಬಿಣವೂ ಹೆಚ್ಚಾಗಿ ಸೇರಿದರೆ ಬೆಳಕು ಆರುತ್ತದೆ. ಬೆಳಕು ಕೊಡುವ ಲೋಹವೇ ಮಿತಿಮೀರಿದರೂ ಅದರ ಕಣಗಳು ಒಂದಕ್ಕೊಂದು ಅಡ್ಡಬಂದು ಬೆಳಕು ತಗ್ಗುತ್ತದೆ. ಹಾಗಾಗಿ ವಿಮರ್ಶಕ ‘ಇಲ್ಲಿ ಬೆರಕೆಯಿದೆ’ ಎಂದು ಹೇಳಿದರೆ ಕೆಲಸ ಮುಗಿಯಲಿಲ್ಲ. ಯಾವುದು, ಎಷ್ಟು, ಯಾವ ಮನೆಯಲ್ಲಿ ಎಂದು ಹೇಳಿದಾಗ ಶುರುವಾಯಿತು.

ಮಾಣಿಕ್ಯದಿಂದ ಇನ್ನೊಂದು ಎಚ್ಚರಿಕೆ. ಕಾರ್ಖಾನೆಯಲ್ಲಿ ತಯಾರಾದ ಮಾಣಿಕ್ಯವೂ ಬೆಳಗುತ್ತದೆ. ಕಬ್ಬಿಣದ ಕಲ್ಮಶ ಇಲ್ಲದಿರುವುದರಿಂದ ಅನೇಕ ಸಲ ನೆಲದ ಮಾಣಿಕ್ಯಕ್ಕಿಂತ ಜೋರಾಗಿಯೇ ಬೆಳಗುತ್ತದೆ. ಬೆಳಕು ಜೋರಾಗಿದೆ ಎಂಬುದು ಸಾಚಾತನಕ್ಕೆ ಸಾಕ್ಷಿಯಲ್ಲ. ಕೆಲವೊಮ್ಮೆ ಅನುಮಾನಕ್ಕೆ ಕಾರಣ.

‘ಬೆಳಕು ಚೆಲ್ಲು’ ಎಂಬ ಇನ್ನೊಂದು ಮಾತಿಗೆ ಬರೋಣ. ಇದಕ್ಕೆ ಉತ್ತರ ನಮ್ಮ ಪಕ್ಕದ ಕೋಲಾರದ ಚಿನ್ನದ ಗಣಿಯಲ್ಲಿದೆ. 2007ರವರೆಗೆ ನಾವೂ ಕೋಲಾರ ಜಿಲ್ಲೆಯವರೇ. ಅಲ್ಲಿನ ಅದಿರಿನಲ್ಲಿ ಚಿನ್ನದ ಜತೆಗೆ ಷೀಲೈಟ್ ಎಂಬ ಖನಿಜವೂ ಇತ್ತು. ಇದು ಟಂಗ್‌ಸ್ಟನ್‌ನ ಅದಿರು, ಬಲ್ಬಿನ ತಂತಿಯ ಲೋಹ. ಟಂಗ್‌ಸ್ಟನ್ನಿನ ಆಮ್ಲವನ್ನು 1781ರಲ್ಲಿ ಕಂಡುಹಿಡಿದ ಸ್ವೀಡನ್ನಿನ ಕಾರ್ಲ್ ಷೀಲೆಯ ಹೆಸರು ಇದಕ್ಕಿದೆ. ಹಗಲಿನಲ್ಲಿ ಬಿಳಿ ಅಥವಾ ಮಾಸಲು ಹಳದಿ. ಬೆಣಚುಕಲ್ಲಿನ ನಡುವೆ ಇದ್ದರೆ ಕಣ್ಣಿಗೆ ಬೇರೆಯಾಗಿ ಕಾಣುವುದೇ ಕಷ್ಟ. ಕತ್ತಲಲ್ಲಿ 254 ನ್ಯಾನೋಮೀಟರ್ ತರಂಗದ ದೀಪ ಹಾಕಿದರೆ ನೀಲಿಬಿಳುಪಾಗಿ ಎದ್ದು ಕಾಣುತ್ತದೆ. ಅದರಲ್ಲಿ ಮಾಲಿಬ್ಡಿನಂ ಹೆಚ್ಚಿದಷ್ಟೂ ಬಣ್ಣ ಹಳದಿಯತ್ತ ಜಾರುತ್ತದೆ. ಷೀಲೈಟಿನ ವಿಶೇಷವೆಂದರೆ ಅದರ ಬೆಳಕು ಬೆರಕೆಯದ್ದಲ್ಲ, ಸ್ವಂತದ್ದು. ಮೇಲಿನ ನಿಯಮಕ್ಕೆ ಇದು ಅಪವಾದ.

ಈಗ ಅದೇ ಷೀಲೈಟಿಗೆ ನಮ್ಮ ಹುಡುಗರ ನೇರಳೆ ಟಾರ್ಚು ಹಾಕಿ ನೋಡಿ. ಏನೂ ಕಾಣುವುದಿಲ್ಲ. ಅಗ್ಗದ ಟಾರ್ಚುಗಳು ಹೆಚ್ಚಾಗಿ 395 ನ್ಯಾನೋಮೀಟರಿನವು, ಸ್ವಲ್ಪ ಒಳ್ಳೆಯವು 365ರವು. 254ರ ದೀಪ ಬೇರೆ ಬಗೆಯದು. ಅದಕ್ಕೆ ಸೋಸುಗಾಜು ಬೇಕು, ನೋಡುವವರಿಗೆ ಕನ್ನಡಕವೂ ಬೇಕು, ಯಾಕೆಂದರೆ ಅದು ಕಣ್ಣಿಗೂ ಚರ್ಮಕ್ಕೂ ಹಾನಿ. 395ರ ಟಾರ್ಚಿಗೆ ಇನ್ನೊಂದು ದೋಷವಿದೆ. ಅದು ಕಾಣುವ ನೇರಳೆ ಬೆಳಕನ್ನೂ ಚೆಲ್ಲುವುದರಿಂದ, ಬೆಳಗದ ಬಿಳಿಕಲ್ಲು ಕೂಡ ನೇರಳೆಯಾಗಿ ಹೊಳೆದು ತಾನೇ ಬೆಳಗಿದಂತೆ ತೋರಿಸುತ್ತದೆ. ಅಂದರೆ ಒಂದೇ ದೀಪ ಇರುವುದನ್ನು ಮರೆಮಾಡಿ ಇಲ್ಲದ್ದನ್ನು ಕಾಣಿಸಬಲ್ಲದು. ಅದಕ್ಕೇ ಅನುಭವಸ್ಥ ಸಂಗ್ರಾಹಕರು ಚೀಟಿಯಲ್ಲಿ ಕಲ್ಲಿನ ಬಣ್ಣಕ್ಕಿಂತ ಮೊದಲು ದೀಪದ ತರಂಗ ಬರೆಯುತ್ತಾರೆ.

ಸಾಹಿತ್ಯದ ಸಿದ್ಧಾಂತಗಳೂ ದೀಪಗಳೇ. ಒಂದು ಕಾದಂಬರಿಗೆ ಸ್ತ್ರೀವಾದದ ದೀಪ ಹಿಡಿದರೆ ಕಾಣುವುದು ವಸಾಹತೋತ್ತರ ದೀಪದಲ್ಲಿ ಕಾಣದೆ ಹೋಗಬಹುದು. ಇದರಲ್ಲಿ ತಪ್ಪಿಲ್ಲ. ತೊಂದರೆ ಬರುವುದು ‘ಕಾದಂಬರಿಯಲ್ಲಿ ಇಂಥದ್ದಿಲ್ಲ’ ಎಂದು ತೀರ್ಪು ಕೊಟ್ಟು ಯಾವ ದೀಪ ಹಿಡಿದಿದ್ದೆ ಎಂದು ಹೇಳದಿದ್ದಾಗ. ಇನ್ನೂ ದೊಡ್ಡ ತೊಂದರೆ ಎಂದರೆ, ದೀಪದ್ದೇ ನೇರಳೆಯನ್ನು ಪಠ್ಯದ ಬಣ್ಣವೆಂದು ವರದಿಮಾಡುವುದು. ಎಷ್ಟೋ ಲೇಖನಗಳಲ್ಲಿ ಕೃತಿ ಬದಲಾದರೂ ಹೊಳಪಿನ ಬಣ್ಣ ಬದಲಾಗುವುದಿಲ್ಲ. ಅಲ್ಲಿ ಹೊಳೆಯುತ್ತಿರುವುದು ಟಾರ್ಚು. ನಮ್ಮ ಹಳೆಯ ವಿದ್ವತ್ತಿಗೆ ಇದು ಗೊತ್ತಿತ್ತು. ಸವೆದ ಶಾಸನವನ್ನು ನಡುಮಧ್ಯಾಹ್ನ ಓದಲಾಗುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬಿದ್ದಾಗ ಅಕ್ಷರದ ಹಳ್ಳಗಳಲ್ಲಿ ನೆರಳು ನಿಂತು ಸಾಲು ಕಾಣುತ್ತದೆ. ಯಾವ ಬೆಳಕು ಎಂಬುದು ಓದಿನ ಭಾಗವೇ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಬೆರಕೆಯ ವಿಷಯವೂ ದೀಪದ ವಿಷಯವೂ ಒಟ್ಟಿಗೆ ಬಂದ ಒಂದು ದೊಡ್ಡ ಪ್ರಸಂಗ ಬೆಂಗಳೂರಿನಲ್ಲೇ ನಡೆದಿದೆ. 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ಅವರ ವಿದ್ಯಾರ್ಥಿಗಳು ವಜ್ರಗಳ ಹಿಂದೆ ಬಿದ್ದಿದ್ದರು. ಕೆಲವು ವಜ್ರಗಳು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ, ಕೆಲವು ಹಸಿರು ಹಳದಿಯಾಗಿ ಬೆಳಗುತ್ತವೆ, ಕೆಲವು ಬೆಳಗುವುದೇ ಇಲ್ಲ. ಇದು ಯಾಕೆ ಎಂಬುದು ಪ್ರಶ್ನೆ. ರಾಮನ್ ಇದರ ಕಾರಣವನ್ನು ವಜ್ರದ ಸ್ವಂತ ರಚನೆಯಲ್ಲಿ ಹುಡುಕಿದರು, ಬೆರಕೆಯ ವಾದವನ್ನು ಒಪ್ಪಲಿಲ್ಲ. 1959ರಲ್ಲಿ ಕೈಸರ್ ಮತ್ತು ಬಾಂಡ್ ಎಂಬಿಬ್ಬರು, ಸಾಮಾನ್ಯ ಜಾತಿಯ ವಜ್ರಗಳಲ್ಲಿ ನೈಟ್ರೋಜನ್ ಗಣನೀಯವಾಗಿ ಬೆರೆತಿರುವುದನ್ನು ತೋರಿಸಿದರು. ವಜ್ರದ ನೀಲಿಗೆ ನೈಟ್ರೋಜನ್ ಪರಮಾಣುಗಳ ಒಂದು ಜೋಡಣೆ ಕಾರಣವೆಂಬುದು ಈಗ ಸ್ಥಾಪಿತ. ರಾಮನ್ ಅಂಥವರ ಕಣ್ಣಿಗೂ ವಜ್ರ ಎಂದರೆ ಶುದ್ಧತೆಯ ಇನ್ನೊಂದು ಹೆಸರಾಗಿತ್ತೇನೋ ಎಂದು ನನಗೆ ಅನ್ನಿಸುತ್ತದೆ. ಮೂಲದ ಸತ್ವವೇ ಬೆಳಗುತ್ತದೆ ಎಂಬ ಆಸೆ ವಿಜ್ಞಾನಕ್ಕೂ ಇದೆ, ವಿಮರ್ಶೆಗೂ ಇದೆ. ಅದರ ಜತೆಗೇ, ಅವರು 1948ರಲ್ಲಿ ಕಟ್ಟಿದ ಸಂಸ್ಥೆಯಲ್ಲಿ ಹರಳು ಖನಿಜಗಳ ಸಂಗ್ರಹವನ್ನು ಬೆಳೆಸಿ, ಕತ್ತಲಲ್ಲಿ ಬೆಳಗುವ ಖನಿಜಗಳನ್ನು ಬಂದವರಿಗೆ ಉತ್ಸಾಹದಿಂದ ತೋರಿಸುತ್ತಿದ್ದರು ಎಂಬುದನ್ನೂ ಹೇಳಬೇಕು. ವಿವರಣೆ ನಿಲ್ಲಲಿಲ್ಲ, ನೋಟ ನಿಂತಿತು.

ಆ ಪ್ರಯೋಗಾಲಯದಲ್ಲಿ 1940ರಲ್ಲಿ ಬಂದು ಸೇರಿದವರು ಅನ್ನಾ ಮಣಿ. ತಿರುವಾಂಕೂರಿನ ಪೀರ್ಮೇಡಿನಲ್ಲಿ 1918ರಲ್ಲಿ ಹುಟ್ಟಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಪದವಿ ಓದಿದವರು. ಮಾಣಿಕ್ಯ ಮತ್ತು ವಜ್ರಗಳ ಪ್ರತಿದೀಪ್ತಿ ಅವರ ವಿಷಯ. 30ಕ್ಕೂ ಹೆಚ್ಚು ವಜ್ರಗಳ ರೋಹಿತಗಳನ್ನು ಅವರು ದಾಖಲಿಸಿದರು. ಬೆಳಕು ಎಷ್ಟು ಕ್ಷೀಣವೆಂದರೆ ಒಂದು ಛಾಯಾಫಲಕದ ಮೇಲೆ ಗುರುತು ಮೂಡಲು 15ರಿಂದ 20 ಗಂಟೆ ಬೇಕಾಗುತ್ತಿತ್ತು. ರಾತ್ರಿಗಳನ್ನು ಅವರು ಪ್ರಯೋಗಾಲಯದಲ್ಲೇ ಕಳೆಯುತ್ತಿದ್ದರು. 1942ರಿಂದ 1945ರವರೆಗೆ ಅವರೊಬ್ಬರದೇ ಹೆಸರಿನಲ್ಲಿ ಐದು ಪ್ರಬಂಧಗಳು ಪ್ರಕಟವಾದವು. 1945ರ ಆಗಸ್ಟಿನಲ್ಲಿ ಮಹಾಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್‌ಸಿ. ಇಲ್ಲ ಎಂಬ ಕಾರಣಕ್ಕೆ ಪಿಎಚ್.ಡಿ. ಸಿಗಲಿಲ್ಲ. ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ. ಅವರು ಮುಂದೆ ಹವಾಮಾನ ಇಲಾಖೆ ಸೇರಿ, ದೇಶದ ಹವಾ ಮಾಪನ ಉಪಕರಣಗಳನ್ನು ಇಲ್ಲೇ ತಯಾರಿಸುವ ವ್ಯವಸ್ಥೆ ಕಟ್ಟಿ, 2001ರಲ್ಲಿ ತೀರಿಕೊಂಡರು. ಪದವಿ ಬರದಿದ್ದುದರಿಂದ ತಮ್ಮ ಬದುಕಿಗೆ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ ಎಂಬುದು ಕೊನೆಯವರೆಗೂ ಅವರ ನಿಲುವಾಗಿತ್ತು.

ಕನ್ನಡದಲ್ಲಿ ‘ಗುರುತಿಸು’ ಎಂದರೆ ಇದು ಇಂಥದ್ದು ಎಂದು ಪತ್ತೆಹಚ್ಚುವುದೂ ಹೌದು, ಒಬ್ಬರ ಕೆಲಸಕ್ಕೆ ಮನ್ನಣೆ ಕೊಡುವುದೂ ಹೌದು. ಅನ್ನಾ ಮಣಿಯವರ ಪ್ರಸಂಗದಲ್ಲಿ ಎರಡು ಅರ್ಥಗಳೂ ಎದುರುಬದುರು ನಿಲ್ಲುತ್ತವೆ. 20 ಗಂಟೆ ಕಾದು ಒಂದು ಹರಳಿನ ಗುರುತು ಹಿಡಿಯುತ್ತಿದ್ದವರ ಮುಂದೆ ಒಂದೇ ತರಂಗದ ದೀಪ ಹಿಡಿದು ನೋಡಿದ ವ್ಯವಸ್ಥೆ ‘ಇಲ್ಲಿ ಏನೂ ಕಾಣುತ್ತಿಲ್ಲ’ ಎಂದಿತು. ಷೀಲೈಟಿನ ಮೇಲೆ ತಪ್ಪು ಟಾರ್ಚು ಹಿಡಿದಂತೆ. ಇಂದು ಸಂಶೋಧನೆ ಮಾಡುತ್ತಿರುವ ನನ್ನಂಥವರಿಗೆ ಇದು ಹಳೆಯ ಕಥೆಯಲ್ಲ. ಯಾವ ಪತ್ರಿಕೆಯ ಪಟ್ಟಿಯಲ್ಲಿ ಲೇಖನ ಬಂದಿದೆ, ಎಷ್ಟು ಅಂಕ ಎಂಬುದೇ ನಮ್ಮ ಮೇಲೆ ಬೀಳುವ ದೀಪ. ಆ ದೀಪಕ್ಕೆ ಬೆಳಗುವಂತೆ ಬರೆಯಲು ನಾವೂ ಕಲಿತುಬಿಡುತ್ತೇವೆ. ಸೋಪಿನಪುಡಿ ಹಾಕಿ ತೊಳೆದ ಕಲ್ಲಿನ ಹಾಗೆ.

ತಪ್ಪು ಗುರುತಿನ ಬೆಲೆ ವಿದ್ವತ್ತಿನೊಳಗೇ ಉಳಿಯುವುದಿಲ್ಲ. ನಮ್ಮ ತಾಲ್ಲೂಕಿನಲ್ಲೇ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರ ಗೋಲಿಬಾರಿನಿಂದ ಚರಿತ್ರೆಯಲ್ಲಿ ಹೆಸರಾದ ಊರು. ಅದಕ್ಕೂ ಹಿಂದಿನಿಂದ ನಾಗರಕಲ್ಲುಗಳ ಊರು. ಹರಕೆ ಹೊತ್ತವರು ತಂದು ನಿಲ್ಲಿಸಿದ ಸಾಲುಸಾಲು ಕಲ್ಲುಗಳು ಅಲ್ಲಿವೆ. ಆ ಕಲ್ಲುಗಳು ಕತ್ತಲಲ್ಲಿ ಬೆಳಗಬೇಕಿಲ್ಲ. ಅವನ್ನು ನಿಲ್ಲಿಸಿದವರ ಮಾತೇ ಅವುಗಳ ಅರ್ಥ. ಆದರೆ ನಾಗನ ಮೇಲಿನ ಇದೇ ಭಕ್ತಿಯ ನೆರಳಲ್ಲಿ ‘ನಾಗಮಣಿ’ಯ ವ್ಯಾಪಾರ ನಡೆಯುತ್ತದೆ. ಕತ್ತಲ ಕೋಣೆ, ಒಂದು ಕರವಸ್ತ್ರ, ಅದರೊಳಗೆ ಹಸಿರಾಗಿ ಬೆಳಗುವ ಒಂದು ಗುಂಡು. ನಮ್ಮ ಬಂಧುಗಳೊಬ್ಬರಿಗೆ ಹಾಗೆ ಒಬ್ಬ ತೋರಿಸಿ, ಜಮೀನಿನ ಮುಂಗಡದ ದುಡ್ಡು ಕೇಳಿದ್ದ. ಮಾವನವರು ನನ್ನನ್ನು ಕೇಳಿದ್ದು ಇಷ್ಟೇ: “ದೀಪ ಇಲ್ದೇನೇ ಬೆಳಗ್ತದಮ್ಮ, ಕಲ್ಲಾದ್ರೆ ಹೆಂಗೆ ಬೆಳಗ್ತದೆ?”

ಅವರ ಪ್ರಶ್ನೆಯಲ್ಲಿ ತರ್ಕವಿತ್ತು. ದೀಪವಿಲ್ಲದೆ ಗಂಟೆಗಟ್ಟಲೆ ಬೆಳಗುವುದು ಅನುದೀಪ್ತಿ. ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಪುಡಿಯನ್ನು ಪ್ಲಾಸ್ಟಿಕ್ಕಿಗೋ ಗಾಜಿಗೋ ಬೆರೆಸಿದರೆ ಹಾಗಾಗುತ್ತದೆ. ಹೊರಹೋಗುವ ದಾರಿ ತೋರಿಸುವ ಫಲಕಗಳಲ್ಲಿ ಇರುವುದು ಅದೇ ಪುಡಿ. ಬೆಳಗಿಸಲು ಮೊದಲು ಬಿಸಿಲಿಗೋ ಬಲ್ಬಿಗೋ ಹಿಡಿದಿರಬೇಕು. ಪರೀಕ್ಷೆ ಸುಲಭ: ಒಂದೆರಡು ದಿನ ಪೂರ್ತಿ ಕತ್ತಲಲ್ಲಿ ಮುಚ್ಚಿಟ್ಟು, ಕತ್ತಲಲ್ಲೇ ತೆರೆದು ನೋಡುವುದು. ಮಾರುವವನು ಅಷ್ಟು ಸಮಯ ಕೊಡಲು ಒಪ್ಪಲಿಲ್ಲ, ಮಾವನವರು ದುಡ್ಡು ಕೊಡಲಿಲ್ಲ. ಆ ಮನೆಯ ಮಟ್ಟಿಗೆ ‘ಹೊಳೆ’ ಮತ್ತು ‘ಬೆಳಗು’ ನಡುವಿನ ವ್ಯತ್ಯಾಸ ಅರ್ಧ ಎಕರೆ ಜಮೀನಿನಷ್ಟು ದೊಡ್ಡದಾಗಿತ್ತು.

ಹಾಗಾದರೆ ಸರಿಯಾಗಿ ಗುರುತಿಸುವುದು ಹೇಗೆ? ಸಂಗ್ರಾಹಕರ ಕ್ರಮ ಸರಳ, ಆದರೆ ತಾಳ್ಮೆಯದು. ಮೊದಲು ಬರೀ ನೀರಿನಲ್ಲಿ ತೊಳೆಯಬೇಕು. ಹಗಲಿನ ಬಣ್ಣ ಬರೆಯಬೇಕು. ಗಟ್ಟಿತನ ನೋಡಬೇಕು: ಕ್ಯಾಲ್ಸೈಟ್ 3, ಫ್ಲೋರೈಟ್ 4, ಷೀಲೈಟ್ ಅದಕ್ಕಿಂತ ಸ್ವಲ್ಪ ಹೆಚ್ಚು, ಇವೆಲ್ಲ ಚಾಕುವಿನಿಂದ ಗೀರಿಸಿಕೊಳ್ಳುತ್ತವೆ. ಬೆಣಚುಕಲ್ಲು 7, ಅದೇ ಚಾಕುವನ್ನು ಗೀರುತ್ತದೆ. ಕೈಯಲ್ಲಿ ತೂಗಿ ನೋಡಬೇಕು: ಷೀಲೈಟ್ ಅಷ್ಟೇ ಗಾತ್ರದ ಬೆಣಚುಕಲ್ಲಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ. ಒಡೆದ ಮುಖ ನೋಡಬೇಕು, ಫ್ಲೋರೈಟ್ ನಾಲ್ಕು ದಿಕ್ಕಿಗೆ ನುಣುಪಾಗಿ ಸೀಳುತ್ತದೆ. ಒಂದು ಹನಿ ದುರ್ಬಲ ಆಮ್ಲ ಹಾಕಿದರೆ ಕ್ಯಾಲ್ಸೈಟ್ ನೊರೆಯುಕ್ಕಿಸುತ್ತದೆ, ನಮ್ಮೂರಿನ ಸುಣ್ಣದ ಗಂಟಿನಂತೆ. ಇಷ್ಟೆಲ್ಲ ಆದ ಮೇಲೆ ದೀಪ, ಒಂದಲ್ಲ ಎರಡು. ಕೊನೆಗೆ ದೀಪ ಆರಿಸಿ, ಉಳಿದ ಬೆಳಕು ಎಷ್ಟು ಹೊತ್ತು ಇತ್ತೆಂದು ಎಣಿಸಬೇಕು. ಬೆಳಕು ಇಲ್ಲಿ ಒಂದು ಸಾಕ್ಷಿ ಮಾತ್ರ, ನ್ಯಾಯಾಧೀಶನಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಸಿಕ್ಕಿದ ಜಾಗ. ಎಲ್ಲಿಂದ ಬಂತೆಂದು ತಿಳಿಯದ ಕಲ್ಲು ಎಷ್ಟು ಚೆಂದ ಬೆಳಗಿದರೂ ಅರ್ಧ ಕಲ್ಲು. ಇದರ ಮಾದರಿ ನಮ್ಮಲ್ಲೇ ಇದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ ಜಿಲ್ಲೆಯ ಸಂಪುಟ 1905ರದ್ದು. ಅದರಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕು, ಸಂಖ್ಯೆ, ಹಳ್ಳಿ, ಆ ಹಳ್ಳಿಯಲ್ಲಿ ಕಲ್ಲು ನಿಂತ ಜಾಗ ಮೊದಲು ಬರುತ್ತವೆ, ಪಾಠ ಆಮೇಲೆ. ರೈಸ್ ಅವರ ಎಷ್ಟೋ ಓದುಗಳನ್ನು ನಂತರದವರು ತಿದ್ದಿದ್ದಾರೆ. ತಿದ್ದಲು ಸಾಧ್ಯವಾದದ್ದು ಅವರು ಜಾಗ ಬರೆದಿಟ್ಟಿದ್ದರಿಂದ, ಮತ್ತೊಬ್ಬರು ಅದೇ ಕಲ್ಲಿನ ಮುಂದೆ ಹೋಗಿ ನಿಲ್ಲಬಹುದಾಗಿದ್ದರಿಂದ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಗಳಿಗೆ ಮಾಡಿದ್ದೂ ಇದನ್ನೇ. ಅಲ್ಲಿ ಗಿಡದ ಲ್ಯಾಟಿನ್ ಹೆಸರಿನ ಜತೆಗೆ ಅದು ಬೆಳೆದ ಜಾಗ, ಅಲ್ಲಿಗೆ ಹೋದ ದಾರಿ, ವಿದ್ಯಾರ್ಥಿಗಳ ಕೀಟಲೆ ಎಲ್ಲ ಇರುವುದರಿಂದ ಗುರುತು ಹಿಡಿಯುವುದೇ ಒಂದು ಕಥೆಯಾಗುತ್ತದೆ. ಹೆಸರು ಹೇಳಿ ಕೈತೊಳೆದುಕೊಳ್ಳದೆ, ಹೆಸರಿಗೆ ಬಂದ ದಾರಿಯನ್ನೂ ತೋರಿಸುವ ಗದ್ಯ ಅದು.

ಕಲ್ಲಿಗೂ ಕವಿತೆಗೂ ಈ ಹೋಲಿಕೆ ಎಲ್ಲಿಯವರೆಗೆ ಎಂಬುದನ್ನೂ ಹೇಳಬೇಕು. ಷೀಲೈಟ್ ಯಾರು ನೋಡಿದರೂ ಕ್ಯಾಲ್ಸಿಯಂ ಟಂಗ್‌ಸ್ಟೇಟೇ. ಅದಕ್ಕೊಂದು ಸೂತ್ರವಿದೆ, ಕೊನೆಗೆ ಪ್ರಯೋಗಾಲಯ ಒಂದು ಉತ್ತರ ಹೇಳುತ್ತದೆ. ಕವಿತೆಗೆ ಅಂಥ ಸೂತ್ರವಿಲ್ಲ, ಓದುವ ಕಾಲ ಬದಲಾದಂತೆ ಅದೂ ಬದಲಾಗುತ್ತದೆ. ಇದನ್ನೇ ನೆಪಮಾಡಿಕೊಂಡು ‘ಹಾಗಾಗಿ ಇಲ್ಲಿ ಸರಿ ತಪ್ಪು ಇಲ್ಲ’ ಎನ್ನುವವರಿದ್ದಾರೆ. ನನಗೆ ಕಾಣುವುದು ತದ್ವಿರುದ್ಧ. ಕೊನೆಯ ಉತ್ತರ ಹೇಳುವ ಪ್ರಯೋಗಾಲಯ ನಮಗಿಲ್ಲದಿರುವುದರಿಂದಲೇ ದಾರಿಯ ಲೆಕ್ಕ ಇನ್ನೂ ಕಟ್ಟುನಿಟ್ಟಾಗಿರಬೇಕು. ಯಾವ ಮುದ್ರಣ ಓದಿದೆ, ಯಾವ ಪ್ರಶ್ನೆ ಹಿಡಿದು ಓದಿದೆ, ಯಾವ ಸಾಲಿನಲ್ಲಿ ಏನು ಕಂಡಿತು, ಇನ್ನೊಂದು ಪ್ರಶ್ನೆ ಹಿಡಿದಾಗ ಅದು ಉಳಿಯಿತೇ ಆರಿತೇ. ಇಷ್ಟು ಬರೆದಿಟ್ಟರೆ ನಾಳೆ ಇನ್ನೊಬ್ಬರು ಬಂದು ನಮ್ಮನ್ನು ತಿದ್ದಬಹುದು. ‘ಹೊಳಹು’ ಎಂದಷ್ಟೇ ಬರೆದಿಟ್ಟರೆ ತಿದ್ದಲೂ ಅಲ್ಲೇನೂ ಇರುವುದಿಲ್ಲ.

ನಮ್ಮ ಮನೆಯ ಹುಡುಗರ ಸಂಗ್ರಹದಲ್ಲಿ ಈಗ 23 ಕಲ್ಲುಗಳಿವೆ. ಹಳೆಯ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಚೀಟಿ ಮಾಡಿದ್ದಾರೆ. ಜಾಗ, ದಿನ, ಹಗಲಿನ ಬಣ್ಣ, ಗೀರು, ಆಮ್ಲ, ಟಾರ್ಚಿನ ಸಂಖ್ಯೆ, ಕಂಡ ಬಣ್ಣ ಎಂಬ ಸಾಲುಗಳು ಪೆನ್ನಿನಲ್ಲಿವೆ. ಕೊನೆಯ ಸಾಲು ಹೆಸರಿನದು, ಅದು ಪೆನ್ಸಿಲ್ಲಿನಲ್ಲಿ. 9 ಚೀಟಿಗಳಲ್ಲಿ ಆ ಸಾಲು ಖಾಲಿಯಿದೆ. ಅವುಗಳಲ್ಲಿ ನಾಲ್ಕು ಕಲ್ಲುಗಳು ಬೆಳಗುತ್ತವೆ.